ಸಭೆಯ ನಡಾವಳಿ, ಆರನೆಯ ಮಹಡಿ

ಮಂತ್ರಾಲಯಕ್ಕೂ ವಿಧಾನ ಭವನಕ್ಕೂ ನಡುವೆ
ಒಂದು ರಸ್ತೆ, ಒಂದು ಸಿಗ್ನಲ್,
ಪೇರಲೆ ಹೋಳಿಗೆ ಉಪ್ಪುಖಾರ ಸವರುವ ಒಬ್ಬಳು ಮುದುಕಿ.
ಗಣಪತ್ ತಾಂಡೇಲ ಕಡತವನ್ನು ಬಗಲಲ್ಲಿಟ್ಟು ದಾಟುತ್ತಾನೆ,
ಸಮುದ್ರದ ಗಾಳಿಗೆ ಲಾಡಿ ಬಿಚ್ಚದಂತೆ
ಮೊಣಕೈ ಒತ್ತಿ.
ಸರಕಾರದಿಂದ ಸದನಕ್ಕೆ ಏಳು ನಿಮಿಷ.
ಅದೇ ಕಡತ ಮರಳಿ ಬರಲು
ಒಮ್ಮೆ ಹದಿನಾಲ್ಕು ತಿಂಗಳು ಹಿಡಿದಿತ್ತು.

ನಾನು ಹಿಪ್ಪರಗಿ ಬಾಯಿ,
ಡೊಂಬಿವಲಿಯ ಏಳು ನಲವತ್ತೆರಡರ ಲೋಕಲ್‌ನವಳು.
ಶೀಘ್ರಲಿಪಿ ನಿಮಿಷಕ್ಕೆ ನೂರಿಪ್ಪತ್ತು ಶಬ್ದ, ಮರಾಠಿಯಲ್ಲಿ;
ಲೆಕ್ಕ ಹಾಕುವುದು, ಬೈಯುವುದು ಮಾತ್ರ ಕನ್ನಡದಲ್ಲಿ.
ಆಯುಕ್ತರ ಆಯ್ಕೆ ಸಮಿತಿಗೆ ಮೂವರು:
ಮುಖ್ಯಮಂತ್ರಿ, ಅವರೇ ಆರಿಸಿದ ಒಬ್ಬ ಮಂತ್ರಿ,
ಎದುರಿಗೆ ವಿರೋಧ ಪಕ್ಷದ ನಾಯಕರು.
ಎರಡು, ಒಂದು.
ಇದಕ್ಕೆ ಬೆರಳು ಮಡಿಚಿ ಎಣಿಸಬೇಕಿಲ್ಲ.

ಮೊದಲ ಸಭೆ ಇಪ್ಪತ್ತಮೂರು ನಿಮಿಷ.
ಪಟ್ಟಿ ಮೇಜಿಗೆ ಬಂದದ್ದು ಚಹದ ಜೊತೆಗೆ.
"ಅರ್ಜಿ ಹಾಕಿದವರು ಎಷ್ಟು ಜನ?" ಎಂದರು ನಾಯಕರು.
"ಬಹಳ ಜನ."
"ಅದರಲ್ಲಿ ಈ ಮೂರೇ ಹೆಸರು ಉಳಿದದ್ದು ಹೇಗೆ?"
ಮಂತ್ರಿ ಬಿಸ್ಕೀಟನ್ನು ಚಹದಲ್ಲಿ ಅದ್ದಿದರು, ಅದು ಮುರಿದು ತಳ ಸೇರಿತು,
ಚಮಚ ಹುಡುಕುವುದರಲ್ಲಿ ಪ್ರಶ್ನೆ ಆರಿಹೋಯಿತು.
ನಾನು ಬರೆದೆ: ನಾಯಕರೊಂದಿಗೆ ಸಮಾಲೋಚಿಸಲಾಯಿತು.

ಅಕ್ಕನ ಮದುವೆಗೆ ಅಪ್ಪ, ದೊಡ್ಡಪ್ಪ
ಅಕ್ಕಲಕೋಟದಲ್ಲಿ ಎಲೆ ಅಡಿಕೆ ಬದಲಾಯಿಸಿ ಬಂದು
ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.
"ನಿನಗೂ ಒಂದ್ ಮಾತು ಕೇಳೂಣಂತ..."
ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.
"ಕೇಳಾಕ ಬಂದೀರೋ, ಹೇಳಾಕ ಬಂದೀರೋ?"
ಆ ಸಭೆಯ ನಡಾವಳಿ ಯಾರೂ ಬರೆಯಲಿಲ್ಲ.
ಬರೆದಿದ್ದರೆ ಅದೂ: ಸಮಾಲೋಚಿಸಲಾಯಿತು.

ಮರಾಠಿಯಲ್ಲಿ ವಿಚಾರ್ಣೆ ಬೇರೆ, ಐಕ್ಣೆ ಬೇರೆ,
ಬಾಯಿಗೊಂದು, ಕಿವಿಗೊಂದು.
ಕನ್ನಡದಲ್ಲಿ ಎರಡಕ್ಕೂ ಕೇಳುವುದೇ.
ನಮ್ಮ ಹಿರಿಯರು ಮಾತಿನಲ್ಲಿ ಜಿಪುಣರೋ,
ಬಾಯಿ ಕೇಳಿ ಕಿವಿ ಕೇಳದಿದ್ದರೆ
ಅದು ಕೇಳಿದ ಲೆಕ್ಕವೇ ಅಲ್ಲ ಅಂದುಕೊಂಡಿದ್ದರೋ,
ಠಾಣೆಯ ಖಾಡಿ ಬರುವವರೆಗೂ ಯೋಚಿಸುತ್ತೇನೆ. ಆಮೇಲೆ ನಿದ್ದೆ.

ನಾಯಕರ ಭಿನ್ನಾಭಿಪ್ರಾಯ ನಾಲ್ಕು ಸಾಲು, ಅನುಬಂಧ ಬ.
ಟಾಚಣಿ ಚುಚ್ಚಿದವಳು ನಾನೇ.
ಕಡತ ರಾಜ್ಯಪಾಲರ ಸಹಿಗೆ ಮಲಬಾರ್ ಹಿಲ್ ಏರಿತು,
ಸಹಿ ಮೊದಲ ಹಾಳೆಯ ಮೇಲೇ ಬಿತ್ತು.

ಚುನಾವಣೆ ಬಂತು. ನಾಯಕರು ಮುಖ್ಯಮಂತ್ರಿಯಾದರು.
ಮುಖ್ಯಮಂತ್ರಿಯಾಗಿದ್ದವರು ಎದುರಿಗೆ ಕೂತು
"ಅರ್ಜಿ ಹಾಕಿದವರು ಎಷ್ಟು ಜನ?" ಎಂದರು.
"ಬಹಳ ಜನ."
ನಾನು ಕಂಪ್ಯೂಟರಿನಲ್ಲಿ ಹಳೆಯ ನಡಾವಳಿ ತೆರೆದು
ಎರಡು ಹೆಸರು ಅದಲುಬದಲು ಮಾಡಿದೆ, ದಿನಾಂಕ ತಿದ್ದಿದೆ.
ಗಣಪತ್ ನಕ್ಕ: "ಬಾಯೀ, ಇವತ್ತು ಬೇಗ!"

ಹನ್ನೊಂದು ವರ್ಷದಲ್ಲಿ ಒಮ್ಮೆ, ಒಮ್ಮೆ ಮಾತ್ರ,
ಎದುರಿನವರು ಒಂದು ಹೆಸರಿನ ಮೇಲೆ ಬೆರಳಿಟ್ಟು
ಇವರ ಅಳಿಯ ಗುತ್ತಿಗೆದಾರನಲ್ಲವೇ, ಯಾವ ಇಲಾಖೆಗೆ, ಎಂದರು.
ಮುಖ್ಯಮಂತ್ರಿ ಕನ್ನಡಕ ತೆಗೆದರು.
ಒರೆಸಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದರು.
ಆಮೇಲೆ ಅರ್ಜಿಗಳ ಕಟ್ಟು ತರಿಸಿದರು, ಇಬ್ಬರು ಹೊತ್ತು ತಂದರು.
ಚಹ ಎರಡನೆಯ ಸಲ ಬಂತು, ಮೂರನೆಯ ಸಲವೂ.
ಆ ಹೆಸರು ಹೋಯಿತು. ಕಟ್ಟಿನ ಅಡಿಯಿಂದ
ಸಾತಾರದ ನಿವೃತ್ತ ನ್ಯಾಯಾಧೀಶೆಯೊಬ್ಬರು ಮೇಲೆ ಬಂದರು.

ನನ್ನ ಹಳೆಯ ಮಾದರಿಯಲ್ಲಿ ಇದಕ್ಕೆ ವಾಕ್ಯವಿರಲಿಲ್ಲ.
ಖಾಲಿ ಪರದೆಯೆದುರು ಕೂತೆ.
ಒಳಗಿನಿಂದ ಬಂದದ್ದು ಕನ್ನಡ: ಕೇಳಿದರು.
ಅದನ್ನು ಮರಾಠಿಗೆ ತರಲು
ಎರಡು ಕ್ರಿಯಾಪದ ಬೇಕಾಯಿತು, ಎಂಟು ಹತ್ತರ ಫಾಸ್ಟ್ ತಪ್ಪಿತು.
ಪ್ಲಾಟ್‌ಫಾರ್ಮಿನಲ್ಲಿ ನಿಂತು ಮನೆಗೆ ಫೋನು ಮಾಡಿದೆ:
"ಅನ್ನ ನೀವೇ ಇಟ್ಟುಕೊಳ್ಳಿ."
"ಯಾಕೆ, ಏನಾಯಿತು?" ಎಂದರು ಅವರು.
ಟಿವಿಯ ಸದ್ದು ತಗ್ಗಿಸಿದ್ದು ಕೇಳಿಸಿತು.